ಪದ್ಮಿನಿಯ ಕಸುವು

‘ಪಿಕಪ್’ ಎಂಬ ಮಾತಿಗೆ ಕನ್ನಡದಲ್ಲಿ ಸಮನಾದ ಪದ ಯಾವುದೆಂದು ನಮ್ಮ ಗೆಳೆಯರ ಕೂಟದಲ್ಲಿ ಒಮ್ಮೆ ಚರ್ಚೆ ನಡೆದಿತ್ತು. ಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿ ನಾವೆಲ್ಲ ‘ವೇಗೋತ್ಕರ್ಷ’ ಎಂದು ಓದಿದವರೇ. ಆದರೆ ಮೆಹದಿಪಟ್ಟಣಂನ ಗಲ್ಲಿಯಲ್ಲಿ ನಿಂತು, “ಉಸ್ತಾದ್, ನಮ್ಮ ಗಾಡಿಗೆ ವೇಗೋತ್ಕರ್ಷವಿಲ್ಲ” ಎಂದರೆ ಆತ ಗಾಡಿಯನ್ನು ಬಿಟ್ಟು ನಮ್ಮ ಮುಖವನ್ನೇ ಪರೀಕ್ಷಿಸಲು ತೊಡಗಿಯಾನು. ಕೊನೆಗೆ ನಮ್ಮ ಸೇಡಂ ಸೀಮೆಯ ಒಕ್ಕಲಿಗರ ಮಾತೇ ಎಲ್ಲಕ್ಕಿಂತ ಹತ್ತಿರದ್ದೆಂದು ನನಗೆ ತೋರಿತು. ಏರಿನಲ್ಲಿ ಬಂಡಿ ಎಳೆಯದೆ ನಿಂತುಬಿಡುವ ಎತ್ತನ್ನು ನೋಡಿ ಅವರು “ಕಸುವಿಲ್ಲ” ಅನ್ನುತ್ತಾರೆ. ಎತ್ತು ರೋಗದ ಎತ್ತಲ್ಲ, ಮೇಯುತ್ತದೆ, ನಡೆಯುತ್ತದೆ. ಭಾರ ಬಿದ್ದ ಕೂಡಲೇ ಕುತ್ತಿಗೆ ತಗ್ಗಿಸುತ್ತದೆ. ಮೋಟಾರು ಗಾಡಿಯ ಪಿಕಪ್ ಇಲ್ಲದ ಕಾಯಿಲೆಯೂ ಹಾಗೆಯೇ. ನಿಂತಲ್ಲಿ ಎಂಜಿನ್ನು ಗಡಿಯಾರದ ಹಾಗೆ ನಡೆಯುತ್ತದೆ, ಗಲ್ಲಿಯಲ್ಲಿ ಸುತ್ತಾಡುವಾಗ ದೂರೇ ಇಲ್ಲ. ಕಷ್ಟದ ಹೊತ್ತಿಗೆ ಮಾತ್ರ ಕೈಕೊಡುತ್ತದೆ.

ನಮ್ಮ ಮನೆಯಲ್ಲಿದ್ದದ್ದು ಪ್ರೀಮಿಯರ್ ಪದ್ಮಿನಿ, 1978ರ ಮಾಡೆಲ್ಲು. 1986ರಲ್ಲಿ, ವರ್ಗವಾಗಿ ದೆಹಲಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಇಟಲಿಯ ಫಿಯಟ್ 1100 ನಮ್ಮ ದೇಶಕ್ಕೆ ಬಂದು, ಹೆಸರು ಬದಲಾಯಿಸಿಕೊಂಡು, ಚಿತ್ತೂರಿನ ರಾಣಿಯ ಹೆಸರಿನಲ್ಲಿ ಮುಂಬಯಿಯ ಟ್ಯಾಕ್ಸಿಯಾಗಿ ಬಾಳಿದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ಆ ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್ ತಿಂಗಳಲ್ಲಿ. ಪತ್ರಿಕೆಗಳು ಅದನ್ನು ಹಿರಿಯರೊಬ್ಬರ ನಿಧನದ ಸುದ್ದಿಯಂತೆ ಬರೆದವು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು, ಮುಂದಿನ ಸೀಟು ಒಂದೇ ಹಲಗೆಯಂತೆ ಅಗಲ. ಮನೆಯಲ್ಲಿ ನನ್ನ ಹೆಂಡತಿ ಅದನ್ನು “ನಿಮ್ಮ ಪದ್ಮಿನಿ” ಎಂದೇ ಕರೆಯುತ್ತಿದ್ದಳು. ಆ ‘ನಿಮ್ಮ’ ಎಂಬುದರಲ್ಲಿ ಸವತಿಯ ಬಗೆಗಿನ ಧ್ವನಿ ಇತ್ತೆಂದರೆ ಅತಿಶಯೋಕ್ತಿಯಲ್ಲ.

ಮೆಹದಿಪಟ್ಟಣಂ ಆಗ ಈಗಿನಂತಿರಲಿಲ್ಲ. ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದು ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರು ಹೊತ್ತ ಈ ಬಡಾವಣೆ, ಬಸ್ ನಿಲ್ದಾಣ, ಸರೋಜಿನಿ ದೇವಿ ಕಣ್ಣಾಸ್ಪತ್ರೆ, ಸೈನ್ಯದ ಉದ್ದನೆಯ ಗೋಡೆ, ಇರಾನಿ ಚಹಾದ ಅಂಗಡಿಗಳು ಇವಿಷ್ಟರಿಂದ ಗುರುತಾಗುತ್ತಿತ್ತು. ಇಲ್ಲಿಂದ ಅರಾಂಘರ್‌ವರೆಗೆ ಹನ್ನೊಂದೂವರೆ ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ ಬಂದದ್ದು 2009ರಲ್ಲಿ. ನಮ್ಮಂಥ ಕಲಬುರಗಿ ಕಡೆಯವರು ಇಲ್ಲಿ ಮನೆ ಹಿಡಿಯಲು ಒಂದು ಸರಳವಾದ ಕಾರಣವಿತ್ತು: ಊರ ದಾರಿ ಇಲ್ಲಿಂದಲೇ ಶುರು. ಲಂಗರ್ ಹೌಸ್ ದಾಟಿ, ಮೊಯಿನಾಬಾದ್, ಚೇವೆಳ್ಳ, ಮನ್ನೆಗೂಡ, ಪರಿಗಿ, ಕೊಡಂಗಲ್. ಆಮೇಲೆ ರಿಬ್ಬನಪಲ್ಲಿಯಲ್ಲಿ ಗಡಿ ದಾಟಿದರೆ ಸೇಡಂ. ಅಲ್ಲಿಂದ ಮುಂದೆ ಕಾಗಿಣಾ ದಂಡೆಯ ಮಳಖೇಡ, ನೃಪತುಂಗನ ಮಾನ್ಯಖೇಟ. ಕಾಚಿಗುಡದ ನೃಪತುಂಗ ಶಾಲೆಯ ಹೆಸರು ನೋಡಿದಾಗಲೆಲ್ಲ ಆ ದಾರಿ ನನ್ನ ಕಣ್ಣಿಗೆ ಕಟ್ಟುತ್ತದೆ. ನಮ್ಮ ಹಳ್ಳಿ ಸೇಡಂ ತಾಲ್ಲೂಕಿನದು. ಮನೆಯ ಬಾಗಿಲಿನಿಂದ ಸುಮಾರು ನೂರೈವತ್ತು ಕಿಲೋಮೀಟರು.

ಈ ದಾರಿಯ ಎರಡು ವಿಶೇಷಗಳನ್ನು ಹೇಳಲೇಬೇಕು. ಒಂದು, ಚೇವೆಳ್ಳ ರಸ್ತೆಯ ಎರಡೂ ಕಡೆ ನಿಂತಿರುವ ಹಳೆಯ ಆಲದ ಮರಗಳು. ರಸ್ತೆ ಅಗಲ ಮಾಡಲು ಅವನ್ನು ಕಡಿಯಬೇಕೆಂದಾಗ ಜನ ಹಸಿರು ನ್ಯಾಯಪೀಠದವರೆಗೆ ಹೋಗಿ ವಾದಿಸಿದ್ದಾರೆ. ನೆರಳಿಗೆ ಅವು ಸ್ವರ್ಗ, ಆದರೆ ಎದುರಿನ ವಾಹನ ಕಾಣಿಸದಂತೆ ಮಾಡುವುದರಲ್ಲಿ ಅವನ್ನು ಮೀರಿಸಿದವರಿಲ್ಲ. ಎರಡನೆಯದು ಲಾರಿಗಳು. ಸೇಡಂ, ಮಳಖೇಡದ ಸಿಮೆಂಟು, ತಾಂಡೂರಿನ ಕಲ್ಲು, ಶಹಾಬಾದಿನ ಫರ್ಸಿ, ಇವೆಲ್ಲ ಹೈದರಾಬಾದಿನತ್ತ ನಡೆಯುವುದು ಲಾರಿಯ ಬೆನ್ನ ಮೇಲೆ. ಫರ್ಸಿ ತುಂಬಿದ ಲಾರಿಯ ಹಿಂದೆ ಸಿಕ್ಕಿಬಿದ್ದವನಿಗೆ ಎರಡೇ ದಾರಿ: ಅದರ ಹೊಗೆ ಕುಡಿಯುತ್ತ ಮೂವತ್ತರಲ್ಲಿ ಹೋಗುವುದು, ಇಲ್ಲವೇ ದಾಟುವುದು. ದಾಟಬೇಕಾದರೆ ಕಸುವು ಬೇಕು.

1994ರ ದಸರೆಗೆ ಊರಿಗೆ ಹೋಗಿ ಮರಳುವಾಗ ಅದು ಇಲ್ಲವೆಂದು ಗೊತ್ತಾಯಿತು. ಕೊಡಂಗಲ್ ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು, ಒಂದು ಚೀಲ ಜೋಳ, ಬನ್ನಿಯ ಎಲೆ. ಮುಂದೆ ಕಲ್ಲಿನ ಲಾರಿ. ರಸ್ತೆ ನೇರವಿತ್ತು, ದೂರದವರೆಗೆ ಖಾಲಿಯಿತ್ತು. ಬಲಕ್ಕೆ ತೆಗೆದು ಎಕ್ಸಲರೇಟರು ತುಳಿದೆ. ಗಾಡಿ ಮೊದಲು ಚೆನ್ನಾಗಿಯೇ ಮುಂದಕ್ಕೆ ಬಂತು. ಲಾರಿಯ ಅರ್ಧದವರೆಗೆ ಬಂದು, ಅಲ್ಲಿ ಯಾರೋ ಹಿಂದಿನಿಂದ ಹಗ್ಗ ಹಿಡಿದಂತೆ ನಿಂತುಬಿಟ್ಟಿತು. ನಿಂತಿತೆಂದರೆ ನಿಲ್ಲಲಿಲ್ಲ, ಲಾರಿಯ ವೇಗಕ್ಕೆ ಸರಿಸಮನಾಗಿ, ಅದರ ನಡು ಚಕ್ರದ ಪಕ್ಕದಲ್ಲಿ, ಮುಂದೂ ಹೋಗದೆ ಹಿಂದೂ ಬರದೆ ಓಡತೊಡಗಿತು. ಕಾಲು ಪೂರ್ತಿ ಕೆಳಗಿಟ್ಟರೆ ಎಂಜಿನ್ನು ನರಳಿತು, ಅಷ್ಟೆ. ದೂರದಲ್ಲಿ ಎದುರಿನಿಂದ ಬಸ್ಸಿನ ಹಣೆ ಕಾಣಿಸಿತು. ಬ್ರೇಕು ಹಾಕಿ ಲಾರಿಯ ಹಿಂದಕ್ಕೆ ಸರಿಯುವಷ್ಟರಲ್ಲಿ ಬಸ್ಸು ಹಾರ್ನು ಬಾರಿಸುತ್ತ ಹಾದುಹೋಯಿತು. ಲಾರಿಯ ಕ್ಲೀನರು ಕಿಟಕಿಯಿಂದ ತಲೆ ಹೊರಹಾಕಿ ನಮ್ಮನ್ನೊಮ್ಮೆ ನೋಡಿದ. ಹೆಂಡತಿ ಏನೂ ಅನ್ನಲಿಲ್ಲ. ಪರಿಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, “ನೋಡ್ರಿ, ಇನ್ನ ಇದರಾಗ ಹುಡುಗರನ ಕೂಡ್ಸಂಗಿಲ್ಲ ನಾ” ಎಂದಷ್ಟೇ ಹೇಳಿದಳು. ಅವಳು ಮೆಲ್ಲಗೆ ಹೇಳಿದ ಮಾತುಗಳು ತೀರ್ಮಾನಗಳೆಂದು ನಾನು ಬಲ್ಲೆ.

ತೊಂದರೆ ಇಷ್ಟಕ್ಕೇ ಮುಗಿಯುವಂತಿರಲಿಲ್ಲ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಸರೋಜಿನಿ ದೇವಿ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಗಿತ್ತು. ಮೊಣಕಾಲು ಹಿಡಿದುಹೋಗಿದ್ದ ಆಕೆಗೆ ಬಸ್ಸಿನ ಮೆಟ್ಟಿಲು ಹತ್ತುವುದಾಗದು. ಆರು ತಿಂಗಳು ಹಟ ಹಿಡಿದು ಆಕೆಯನ್ನು ಒಪ್ಪಿಸಿದ್ದೆವು. ಒಪ್ಪಿದ್ದು “ನಿನ್ನ ಗಾಡಿ ಬಂದ್ರ ಬರ್ತೀನಿ” ಎಂಬ ಷರತ್ತಿನ ಮೇಲೆ. ಬಾಡಿಗೆ ಕಾರೆಂದರೆ ಆಕೆಗೆ ಖರ್ಚಿನ ಭಯ. ಒಂದು ಸಲ ಇಲ್ಲವೆಂದರೆ ಇನ್ನೊಂದು ಸಲ ಹೂಂ ಅನ್ನುವ ಜೀವವಲ್ಲ ಅದು.

ಗಾಡಿಗೆ ಕಾಯಿಲೆ ಬಂದಿತೆಂದು ತಿಳಿದರೆ ಸಾಕು, ನಮ್ಮ ಜನರಲ್ಲಿ ಎಷ್ಟು ಮಂದಿ ವೈದ್ಯರಿದ್ದಾರೆಂಬುದು ಗೊತ್ತಾಗುತ್ತದೆ. ಪಕ್ಕದ ಮನೆಯವರು “ಪ್ಲಗ್ ಬದಲಾಯಿಸಿ” ಅಂದರು. ಕಚೇರಿಯ ಹಿರಿಯರೊಬ್ಬರು ಟೈಮಿಂಗ್ ಹಿಂದೆ ಬಿದ್ದಿದೆ ಎಂದು ಕ್ಯಾಂಟೀನಿನಲ್ಲಿ ಕುಳಿತೇ ನಿರ್ಣಯ ಕೊಟ್ಟರು. ನನ್ನ ಭಾವಮೈದುನ ಬೀದರಿನಿಂದ ಕಾಗದ ಬರೆದು ಕಾರ್ಬೊರೇಟರನ್ನು ಬಿಚ್ಚಿ ತೊಳೆಸಲು ಹೇಳಿದ. ಎಲ್ಲವೂ ಅಸಂಬದ್ಧವೇನಲ್ಲ, ಇವೆಲ್ಲವೂ ಪಿಕಪ್ ಕೆಡಿಸಬಲ್ಲ ಕಾರಣಗಳೇ. ನಾಲ್ಕು ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಗಾಳಿಯ ಫಿಲ್ಟರು, ಕಾರ್ಬೊರೇಟರಿನ ಶುದ್ಧಿ, ಇಷ್ಟೂ ಆಯಿತು. ಲೆಕ್ಕಪತ್ರದ ಇಲಾಖೆಯವನಾದ್ದರಿಂದ ಲೆಕ್ಕವಿಟ್ಟಿದ್ದೇನೆ: ಒಟ್ಟು 640 ರೂಪಾಯಿ. ಗಾಡಿ ಸ್ಟಾರ್ಟಾಗುವುದು ಇನ್ನಷ್ಟು ಸೊಗಸಾಯಿತು. ಮಾಸಾಬ್ ಟ್ಯಾಂಕಿನಿಂದ ಬಂಜಾರಾ ಹಿಲ್ಸ್‌ನತ್ತ ಏರುವ ರಸ್ತೆಯಲ್ಲಿ ಮಾತ್ರ ಅದೇ ಪಾಡು. ಮೊದಲ ಅರ್ಧ ಫರ್ಲಾಂಗು ಹುಲಿ, ಆಮೇಲೆ ಆಮೆ.

ನಗರದ ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದೆ. ಬಿಳಿ ಕೋಟಿನವರು ಅರ್ಧ ಗಂಟೆ ನೋಡಿದರು. ಪೆಟ್ರೋಲಿನ ಕೊಳವೆಯನ್ನು ಮುಂದಿನ ತುದಿಯಲ್ಲಿ ಬಿಚ್ಚಿ, ಪಂಪಿನಿಂದ ಹಿಂದಕ್ಕೆ ಗಾಳಿ ಊದಿದರು. ಹಿಂದಿನ ಟ್ಯಾಂಕಿನಲ್ಲಿ ಗುಳುಗುಳು ಸದ್ದಾಯಿತು. “ಲೈನ್ ಕ್ಲಿಯರ್” ಎಂದು ಕಾಗದದಲ್ಲಿ ಬರೆದುಕೊಂಡರು. ಕೊನೆಗೆ ಹೇಳಿದ್ದು: ಪಿಸ್ಟನ್ ರಿಂಗುಗಳು ಸವೆದಿವೆ, ಬೋರು ಅಗಲವಾಗಿದೆ, ಎಂಜಿನ್ನು ಇಳಿಸಬೇಕು, ಅಂದಾಜು 7,500 ರೂಪಾಯಿ, ಮೂರು ವಾರ. ಮೂರು ವಾರವೆಂದರೆ ಅವ್ವನ ಆಪರೇಷನ್ನಿನ ದಿನ ದಾಟುತ್ತಿತ್ತು. 7,500 ಎಂದರೆ ಆಕೆಯ ಆರೈಕೆಗೆಂದು ಎತ್ತಿಟ್ಟ ಹಣ ಪೂರ್ತಿ, ಅದರ ಮೇಲೆ ಸೊಸೈಟಿಯ ಸಾಲ. ಹದಿನಾರು ವರ್ಷದ ಗಾಡಿಗೆ ರಿಂಗು ಸವೆದಿದೆ ಎಂದರೆ ಯಾರು ತಾನೇ ಅಲ್ಲವೆಂದಾರು? ಆದರೆ ಆಡಿಟ್ ಮಾಡಿದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ವೋಚರು ನೋಡದೆ ಬಿಲ್ಲು ಪಾಸು ಮಾಡುವುದಿಲ್ಲ. ರಿಂಗು ಸವೆದದ್ದಕ್ಕೆ ವೋಚರು ಎಲ್ಲಿ? ಹಿಂದೆ ನೀಲಿ ಹೊಗೆಯಿಲ್ಲ, ಆಯಿಲ್ಲು ಇಳಿದಿಲ್ಲ. ಗಾಡಿ ಮನೆಗೆ ಬಂತು.

ಗುಡಿಮಲ್ಕಾಪುರದ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಅರುವತ್ತರ ಆಸುಪಾಸಿನ ಒಬ್ಬ ಮಿಸ್ತ್ರಿ ಇದ್ದರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಬಿಳಿ ಗಡ್ಡ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಸದಾ ಒಂದು ಹಳೆಯ ಬನೀನಿನ ತುಂಡು. ಅವರು ಬಾನೆಟ್ಟು ಎತ್ತುವ ಮೊದಲು ಒಂದು ಕಾಲು ಗಂಟೆ ನನ್ನನ್ನು ಪ್ರಶ್ನೆ ಕೇಳಿದರು. ಬೆಳಿಗ್ಗೆ ಹೇಗೆ, ಮಧ್ಯಾಹ್ನ ಹೇಗೆ? ಟ್ಯಾಂಕು ತುಂಬಿದಾಗಲೋ, ಖಾಲಿಯಿದ್ದಾಗಲೋ? ಏರಿನಲ್ಲಿ ಸತ್ತ ಮೇಲೆ ಕಾಲು ಎತ್ತಿ ನಾಲ್ಕು ಸೆಕೆಂಡು ಬಿಟ್ಟು ಮತ್ತೆ ತುಳಿದರೆ? “ಮತ್ತೆ ಸ್ವಲ್ಪ ಎಳೆಯುತ್ತದೆ, ಮತ್ತೆ ಸಾಯುತ್ತದೆ” ಅಂದೆ. “ಪಹಿಲೇ ಖೀಂಚ್ತೀ, ಬಾದ್ ಮೇಂ ಮರ್ತೀ, ಐಸಾಚ್ ನಾ ಸಾಬ್?” ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಪರೀಕ್ಷೆ. ಇದರ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಿಸಬಾರದು. ಮೊದಲು ಗೇರು ತಪ್ಪಿಸಿ ಹುಡುಗನಿಂದ ಗಾಡಿಯನ್ನು ತಳ್ಳಿಸಿದರು. ಒಬ್ಬನೇ ತಳ್ಳಿದರೂ ಉರುಳಿತು. ಅಂದರೆ ಬ್ರೇಕು ಹಿಡಿದುಕೊಂಡಿಲ್ಲ. ಆದರೂ ಒಂದು ಸುತ್ತು ಹೋಗಿಬಂದು ನಾಲ್ಕೂ ಚಕ್ರದ ಡ್ರಮ್ಮಿನ ಬಳಿ ಅಂಗೈ ಒಡ್ಡಿದರು. ಯಾವುದೂ ಬಿಸಿಯಿರಲಿಲ್ಲ. ಬ್ರೇಕು ಹಿಡಿದ ಗಾಡಿಯನ್ನು ‘ಎಂಜಿನ್ನಿಗೆ ಶಕ್ತಿಯಿಲ್ಲ’ ಎಂದು ರಿಪೇರಿ ಮಾಡಿಸಿದವರು ಎಷ್ಟೋ ಮಂದಿ ಎಂದು ನಕ್ಕರು. ಎರಡನೆಯದು ಕ್ಲಚ್ಚು: ಕೈಬ್ರೇಕು ಎಳೆದು, ಟಾಪ್ ಗೇರು ಹಾಕಿ, ಕ್ಲಚ್ಚನ್ನು ಬಿಟ್ಟರು. ಎಂಜಿನ್ನು ಗಕ್ಕೆಂದು ನಿಂತಿತು. ನಿಲ್ಲದೆ ಸುತ್ತುತ್ತಲೇ ಇದ್ದಿದ್ದರೆ ಕ್ಲಚ್ಚು ಜಾರುತ್ತಿದೆ ಎಂದರ್ಥ. ಎಂಜಿನ್ನಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗದೆ ಹೊಗೆಯಾಗುತ್ತದೆ. ಮೂರನೆಯದು ಮಕ್ಕಳಾಟದಂತೆ ಕಂಡಿತು. ನನ್ನನ್ನು ಒಳಗೆ ಕೂಡಿಸಿ ಎಕ್ಸಲರೇಟರನ್ನು ಪೂರ್ತಿ ತುಳಿಯಲು ಹೇಳಿ, ತಾವು ಕಾರ್ಬೊರೇಟರಿನ ಬಾಯಿಯಲ್ಲಿರುವ ಬಿಲ್ಲೆ ಪೂರ್ತಿ ತೆರೆಯುತ್ತದೆಯೇ ಎಂದು ಬಗ್ಗಿ ನೋಡಿದರು. ಕಾಲ ಕೆಳಗಿನ ಚಾಪೆ ಅಡ್ಡ ಬಂದು ಮುಕ್ಕಾಲು ಮಾತ್ರ ತೆರೆಯುವ ಗಾಡಿಗಳನ್ನು ಅವರು ಕಂಡಿದ್ದರಂತೆ. ನಮ್ಮದು ಪೂರ್ತಿ ತೆರೆಯಿತು.

ನಾಲ್ಕನೆಯದಕ್ಕೆ ಏರಿಗೇ ಹೋಗಬೇಕಾಯಿತು. ಗಾಡಿ ಸಾಯತೊಡಗಿದ ಕ್ಷಣದಲ್ಲೇ ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿ, ಪಕ್ಕಕ್ಕೆ ತೆಗೆಸಿ, ಪ್ಲಗ್ಗು ಬಿಚ್ಚಿದರು. ನಿಧಾನ ಓಡಿಸಿ ತಂದು ಅಂಗಡಿಯಲ್ಲಿ ಬಿಚ್ಚಿದರೆ ಪ್ಲಗ್ಗು ಸುಳ್ಳು ಹೇಳುತ್ತದೆ ಎಂಬುದು ಅವರ ಮತ. ರಿಂಗು ಸವೆದಿದ್ದರೆ ಅದರ ತುದಿ ಎಣ್ಣೆಯಿಂದ ಒದ್ದೆಯಾಗಿರಬೇಕು. ಪೆಟ್ರೋಲು ಹೆಚ್ಚಾಗಿದ್ದರೆ ಕಾಡಿಗೆಯಂತೆ ಕಪ್ಪಾಗಿರಬೇಕು. ಎಲ್ಲ ಸರಿಯಿದ್ದರೆ ಹುರಿದ ಕಾಫಿ ಬೀಜದ ಬಣ್ಣ. ನಮ್ಮವು ನಾಲ್ಕೂ ಬೂದಿಯಂತೆ ಬೆಳ್ಳಗಿದ್ದವು. ಅದನ್ನು ನನ್ನ ಅಂಗೈ ಮೇಲಿಟ್ಟು ಉಸ್ತಾದ್ ಹೇಳಿದರು: “ಇಂಜನ್ ಕು ಕುಚ್ ನೈ ಹುವಾ ಸಾಬ್. ಇಸ್ಕು ಪೀನೇ ಕು ನೈ ಮಿಲ್ರಾ.” ಎಂಜಿನ್ನಿಗೆ ಏನೂ ಆಗಿಲ್ಲ, ಅದಕ್ಕೆ ಕುಡಿಯಲು ಸಿಗುತ್ತಿಲ್ಲ.

ಈ ಮಾತಿನ ಹಿಂದಿನ ಲೆಕ್ಕವನ್ನು ಮನೆಗೆ ಬಂದು ನಾನೇ ಹಾಕಿ ನೋಡಿದೆ. ಪೆಟ್ರೋಲು ಸರಿಯಾಗಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ನು ಪೂರ್ತಿ ಶಕ್ತಿಯಿಂದ ಎಳೆಯಬೇಕಾದರೆ ಅದೇ ಗಾಳಿಗೆ ಪೆಟ್ರೋಲು ಇನ್ನೂ ಕೊಂಚ ಹೆಚ್ಚೇ ಬೇಕು. ಲೀಟರಿಗೆ ಹದಿಮೂರು ಕಿಲೋಮೀಟರು ಕೊಡುವ ಗಾಡಿ ಸಮತಟ್ಟಾದ ರಸ್ತೆಯಲ್ಲಿ ನಲವತ್ತರಲ್ಲಿ ಹೋದರೆ ಗಂಟೆಗೆ ಮೂರು ಲೀಟರು ಸಾಕು. ಅದೇ ಗಾಡಿ ಏರಿನಲ್ಲಿ, ಇಲ್ಲವೇ ಲಾರಿ ದಾಟುವಾಗ ಪೂರ್ತಿ ಬಾಯಿ ತೆರೆದರೆ ಗಂಟೆಗೆ ಹತ್ತು ಲೀಟರಿನ ವೇಗದಲ್ಲಿ ಕುಡಿಯುತ್ತದೆ. ಟ್ಯಾಂಕಿನಿಂದ ಬರುವ ಕೊಳವೆ ಗಂಟೆಗೆ ನಾಲ್ಕೈದು ಲೀಟರು ಮಾತ್ರ ಬಿಡುವಂತಿದ್ದರೆ? ಗಲ್ಲಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಇನ್ನು ಮೊದಲು ಎಳೆದು ಆಮೇಲೆ ಸಾಯುವುದೇಕೆ? ಕಾರ್ಬೊರೇಟರಿನೊಳಗೆ ಒಂದು ಪುಟ್ಟ ಬಟ್ಟಲಿದೆ. ಬಂದ ಪೆಟ್ರೋಲು ಅದರಲ್ಲಿ ನಿಂತಿರುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೂ ಕೆಳಗಿಟ್ಟ ಬಿಂದಿಗೆ ತುಂಬಿರುವವರೆಗೆ ಸ್ನಾನ ಜೋರಾಗಿಯೇ ನಡೆಯುತ್ತದಲ್ಲ, ಹಾಗೆ. ಬಿಂದಿಗೆ ಬರಿದಾದ ಮೇಲೆ ನಲ್ಲಿಯ ಯೋಗ್ಯತೆ ಗೊತ್ತಾಗುವುದು. ಹೈದರಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಿಲ್ಲ.

ನಲ್ಲಿಯಲ್ಲಿ ಎಲ್ಲಿ ಅಡ್ಡಿ ಎಂಬುದಿನ್ನೂ ಗೊತ್ತಾಗಿರಲಿಲ್ಲ. ಟ್ಯಾಂಕಿನ ಮುಚ್ಚಳದ ಸಣ್ಣ ರಂಧ್ರ ಕಟ್ಟಿದರೆ ಒಳಗೆ ಗಾಳಿ ಹೋಗದೆ ಪೆಟ್ರೋಲು ಬರುವುದು ನಿಲ್ಲುತ್ತದೆ. ಮುಚ್ಚಳ ಸಡಿಲ ಮಾಡಿ ಓಡಿಸಿದರು, ವ್ಯತ್ಯಾಸವಿಲ್ಲ. ಪಂಪಿನ ಪೊರೆ ಹರಿದಿರಬಹುದು. ಕಾರ್ಬೊರೇಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದರು. ಮೊದಲ ನಾಲ್ಕೈದು ಬಾರಿ ದಪ್ಪಗೆ ಚಿಮ್ಮಿತು, ಆಮೇಲೆ ಮಗುವಿನ ಉಚ್ಚೆಯಂತಾಯಿತು. ಪಂಪೇ ಕೆಟ್ಟಿದ್ದರೆ ಮೊದಲೇ ಚಿಮ್ಮಬಾರದು ಎಂದು ಅವರ ವಾದ. ಅದನ್ನು ಪರೀಕ್ಷಿಸಲು ಪಂಪಿಗೆ ಬರುವ ಕೊಳವೆಯನ್ನು ಕಳಚಿ, ಹೊಸ ರಬ್ಬರು ನಳಿಗೆ ಸಿಕ್ಕಿಸಿ, ಮುಂದಿನ ಬಂಪರಿನ ಬಳಿ ಎಂಜಿನ್ನಿನ ಬಿಸಿ ತಾಗದಂತೆ ತಂತಿಯಿಂದ ಬಿಗಿದ ಒಂದು ಡಬ್ಬಿಯ ಪೆಟ್ರೋಲಿನೊಳಗೆ ಇಳಿಬಿಟ್ಟರು. ಓದುಗರು ದಯವಿಟ್ಟು ಇದನ್ನು ಮನೆಯಲ್ಲಿ ಮಾಡಹೋಗಬಾರದು. ಆತ ನಲವತ್ತು ವರ್ಷ ಪೆಟ್ರೋಲಿನೊಂದಿಗೆ ಬಾಳಿದವರು. ಆ ಡಬ್ಬಿಯನ್ನು ಮುಂದಿಟ್ಟುಕೊಂಡು ಮಾಸಾಬ್ ಟ್ಯಾಂಕಿನ ಏರಿಗೆ ಹೋದೆವು. ಪದ್ಮಿನಿ ಮೂರನೆಯ ಗೇರಿನಲ್ಲೇ ಒಂದೇ ಉಸಿರಿಗೆ ಮೇಲಕ್ಕೆ ಹೋದಳು. ಉಸ್ತಾದ್ ಏನೂ ಹೇಳದೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಹೀಗೆ ಪಂಪು, ಕಾರ್ಬೊರೇಟರು, ಎಂಜಿನ್ನು ಎಲ್ಲವೂ ನಿರಪರಾಧಿಗಳೆಂದು ಬಿಡುಗಡೆಯಾದವು. ಉಳಿದದ್ದು ಹಿಂದಿನ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ಮಾತ್ರ. ಅದನ್ನೇ ತಾನೆ ವರ್ಕ್‌ಶಾಪಿನವರು ಊದಿ ‘ಕ್ಲಿಯರ್’ ಎಂದು ಬರೆದದ್ದು? ನಾನು ಹಾಗೆಂದಾಗ ಉಸ್ತಾದ್ ತಾವೂ ಮುಂದಿನಿಂದ ಊದಿದರು. ಗುಳುಗುಳು. ಆಮೇಲೆ ಗಾಡಿಯ ಹಿಂಬದಿಗೆ ನುಸುಳಿ, ಟ್ಯಾಂಕನ್ನೂ ಕಬ್ಬಿಣದ ಕೊಳವೆಯನ್ನೂ ಕೂಡಿಸುವ ಗೇಣುದ್ದದ ರಬ್ಬರು ನಳಿಗೆಯನ್ನು ಬಿಚ್ಚಿಕೊಂಡು ಬಂದು, ಒಂದು ತುದಿಯಿಂದ ಊದಿದರು. ಗಾಳಿ ಸರಾಗ. ಅದೇ ತುದಿಯನ್ನು ತುಟಿಗಿಟ್ಟು ಎಳೆದರು. ಕೆನ್ನೆ ಒಳಗೆ ಹೋಯಿತೇ ಹೊರತು ಗಾಳಿ ಬರಲಿಲ್ಲ. ನನಗೂ ಕೊಟ್ಟರು, ಬಾಯಿ ತುಂಬ ಪೆಟ್ರೋಲಿನ ರುಚಿ, ಆದರೆ ಮಾತು ನಿಜ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಹೊರಗೆ ಹೊಸದರಂತಿದ್ದ ನಳಿಗೆಯ ಒಳಪದರು ಒಂದು ಕಡೆ ಅಂಟು ಬಿಟ್ಟು ನಾಲಗೆಯಂತೆ ಎದ್ದಿತ್ತು. ಮುಂದಿನಿಂದ ಊದಿದರೆ ಆ ನಾಲಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತದೆ. ಪಂಪು ಎಳೆದಾಗ ಏಳುತ್ತದೆ. ಮೆಲ್ಲಗೆ ಎಳೆದರೆ ಸ್ವಲ್ಪ, ಜೋರಾಗಿ ಎಳೆದರೆ ಪೂರ್ತಿ ಅಡ್ಡ. ಅಂದರೆ ಹೆಚ್ಚು ಬೇಕಾದಷ್ಟೂ ಕಡಿಮೆ ಸಿಗುವ ಏರ್ಪಾಡು. ನಮ್ಮ ಕೆಲವು ಸರ್ಕಾರಿ ಯೋಜನೆಗಳ ಅನುದಾನ ಬಿಡುಗಡೆಯ ಕ್ರಮ ನನಗೆ ಆ ಕ್ಷಣ ನೆನಪಾಯಿತು. ಹಾಗೆ ನೋಡಿದರೆ ಊದಿ ನೋಡಿದವರನ್ನು ಪೂರ್ತಿ ದೂರುವಂತಿಲ್ಲ. ಕೊಳವೆ ತೆರೆದಿದೆಯೇ ಎಂದು ಕೇಳಿದರು, ತೆರೆದಿದೆ ಎಂದು ಉತ್ತರ ಬಂತು. ಪೆಟ್ರೋಲು ಹರಿಯುವ ದಿಕ್ಕಿನಲ್ಲಿ ಕೇಳಲಿಲ್ಲ, ಅಷ್ಟೆ. ಆದರೆ ಅಲ್ಲಿಂದ ರಿಂಗಿಗೂ 7,500 ರೂಪಾಯಿಗೂ ಹಾರಿದ್ದಕ್ಕೆ ಕ್ಷಮೆಯಿಲ್ಲ.

ಹೊಸ ನಳಿಗೆ ಹದಿನೆಂಟು ರೂಪಾಯಿ. ಇಂಥದೇ ಇನ್ನೊಂದು ತುಂಡು ಪಂಪಿನ ಬಳಿಯೂ ಇದ್ದುದರಿಂದ ಅದನ್ನೂ ಬದಲಾಯಿಸಿದರು, ಮೂವತ್ತಾರು. ಕೈಗೂಲಿಗೆ ಐವತ್ತು ಕೇಳಿದರು. ನೂರರ ನೋಟು ಕೊಟ್ಟು ಚಿಲ್ಲರೆ ಬೇಡವೆಂದರೆ, ಹದಿನಾಲ್ಕು ರೂಪಾಯಿಯನ್ನು ಎಣಿಸಿ ಕೈಯಲ್ಲಿಟ್ಟರು.

ಈಗ ಆ ಬಗೆಯ ಕಾಯಿಲೆ ಕಾಣುವುದು ಅಪರೂಪ. ಇಂದಿನ ಗಾಡಿಗಳಲ್ಲಿ ಪಂಪು ಪೆಟ್ರೋಲು ಟ್ಯಾಂಕಿನೊಳಗೇ ಮುಳುಗಿ ಕುಳಿತಿರುತ್ತದೆ. ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಕಾರ್ಬೊರೇಟರು ಹೋಗಿ ಇಂಜೆಕ್ಟರು ಬಂದಿದೆ, ಬಟ್ಟಲಿನ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಮಗನ ಕಾರು ನಮ್ಮ ಮೇಲ್ಸೇತುವೆಯ ಮೇಲೆಯೇ ಕಸುವು ಕಳೆದುಕೊಂಡಾಗ ವರ್ಕ್‌ಶಾಪಿನ ಹುಡುಗ ಅಂಗೈಯಗಲದ ಯಂತ್ರವನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ ‘ಪಿ 0171’ ಎಂಬ ಸಂಖ್ಯೆ ಓದಿ ಹೇಳಿದ. ಅದರ ಅರ್ಥ ಏನೆಂದು ಕೇಳಿದೆ. ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗುತ್ತಿಲ್ಲವಂತೆ. ಮೂವತ್ತು ವರ್ಷದ ಹಿಂದೆ ಬಿಳಿಚಿದ ಪ್ಲಗ್ಗು ನನ್ನ ಅಂಗೈ ಮೇಲೆ ಹೇಳಿದ್ದೂ ಅದನ್ನೇ. ಏಕೆ ಸಿಗುತ್ತಿಲ್ಲ ಎಂಬುದನ್ನು ಆ ಯಂತ್ರವೂ ಹೇಳಲಿಲ್ಲ. ಹುಡುಗ ಬಗ್ಗಿ ಹುಡುಕಿ, ಗಾಳಿಯ ಫಿಲ್ಟರಿನ ಮುಂದೆ ಬಿರಿದಿದ್ದ ಒಂದು ಕೊಳವೆಯನ್ನು ತೋರಿಸಿದ. ಅಳತೆಯ ಕಣ್ಣಿಗೆ ಕಾಣದೆ ಕಳ್ಳಗಾಳಿ ಒಳಗೆ ನುಸುಳುತ್ತಿತ್ತು. ಇನ್ನೊಂದು ಮಾತು ಹಳೆಯ ಗಾಡಿ ಇಟ್ಟುಕೊಂಡವರಿಗಾಗಿ: 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಬಂಕುಗಳಲ್ಲೂ ಬಂದಿದೆ. ಅದಕ್ಕೆಂದು ಮಾಡಿರದ ಹಳೆಯ ರಬ್ಬರು ನಳಿಗೆಗಳನ್ನು ಎಥನಾಲ್ ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಹೊರಗಿನಿಂದ ನೋಡಿ ತೃಪ್ತಿಪಡಬೇಡಿ. ವರ್ಷ ಲೆಕ್ಕ ಹಾಕಿ ಬದಲಾಯಿಸಿಬಿಡಿ.

ದೀಪಾವಳಿಯಾದ ಎರಡನೆಯ ವಾರದಲ್ಲಿ ಊರಿಗೆ ಹೊರಟೆವು. ಹೆಂಡತಿಯನ್ನು ಕರೆದಿರಲಿಲ್ಲ, ಆಕೆಯ ತೀರ್ಮಾನ ನೆನಪಿತ್ತು. ಬೆಳಗಿನ ಜಾವ ಗಾಡಿ ತೆಗೆಯುವಾಗ ಅವಳೇ ತಲೆಗೆ ಸೆರಗು ಸುತ್ತಿಕೊಂಡು, ಕೈಯಲ್ಲಿ ಸೀಳಿದ ಆ ನಳಿಗೆಯ ತುಂಡನ್ನು ಹಿಡಿದು ಬಂದಳು. ನಾನದನ್ನು ಮೇಜಿನ ಮೇಲಿಟ್ಟಿದ್ದೆ. “ಇಷ್ಟಾ ಇದು?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮುಂದಿನ ಸೀಟಿನಲ್ಲಿ ಕುಳಿತಳು. ಪರಿಗಿ ದಾಟಿದ ಮೇಲೆ ಒಂದು ಸಿಮೆಂಟಿನ ಲಾರಿ ಸಿಕ್ಕಿತು. ಅವಳ ಕೈ ಬಾಗಿಲ ಹಿಡಿಯ ಮೇಲೆ ಹೋದದ್ದನ್ನು ಕಂಡೆ. ರಸ್ತೆ ಖಾಲಿಯಿದ್ದಲ್ಲಿ ಬಲಕ್ಕೆ ತೆಗೆದು ತುಳಿದೆ. ಲಾರಿ ಹಿಂದೆ ಉಳಿಯಿತು. ಕೈ ಹಿಡಿಯನ್ನು ಬಿಟ್ಟು ಮಡಿಲಿಗೆ ಬಂತು.

ಅವ್ವನನ್ನು ಹಿಂದಿನ ಸೀಟಿನಲ್ಲಿ ದಿಂಬು ಒರಗಿಸಿ ಕೂಡಿಸಿಕೊಂಡು ಮರುದಿನ ಹೊರಟದ್ದು. ರಿಬ್ಬನಪಲ್ಲಿ ದಾಟುತ್ತಲೇ ಮುಂದೆ ಮತ್ತೆ ಫರ್ಸಿಯ ಲಾರಿ. ಇನ್ನೇನು ಬಲಕ್ಕೆ ತೆಗೆಯಬೇಕು, ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಬಿತ್ತು. “ತಮ್ಮಾ, ಅದರ ಹಿಂದ ಹೋಗು. ಏಟ್ ಜೋರ್ ಹೊಡಿತಿ! ನಮಗೇನು ಕಚೇರಿಗಿ ಹೋಗದದಾ?” ಮೆಹದಿಪಟ್ಟಣಂ ಮುಟ್ಟುವವರೆಗೆ ಒಂದು ಲಾರಿಯನ್ನೂ ದಾಟಗೊಡಲಿಲ್ಲ. ಐದೂವರೆ ಗಂಟೆ ಹಿಡಿಯಿತು.